ಎಷ್ಟು ಹೊತ್ತು ಎಂದು ಮಾತ್ರ ಕೇಳಿದ್ದೆ

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ‘ಮೊಬೈಲ್ ಮತ್ತು ಮಕ್ಕಳು’. ಆಹ್ವಾನ ಪತ್ರಿಕೆ ನೋಡಿದ ಹಳೆಯ ಸಹಪಾಠಿಯೊಬ್ಬ ನಿನ್ನೆ ಸಂಜೆ ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, ‘ನಮ್ಮ ಹುಡುಗನಿಗೆ ಸರಿಯಾಗಿ ನಾಲ್ಕು ಮಾತು ಹೇಳಪ್ಪ’ ಎಂದ. ಹಾಗೆ ಹೇಳುವಾಗ ಅವನ ಕಣ್ಣು ಅವನ ಮೊಬೈಲಿನ ಮೇಲೇ ಇತ್ತು. ಅವನೂ ಇಲ್ಲೇ ಎಲ್ಲೋ ಕೂತಿದ್ದಾನೆ, ಕ್ಷಮಿಸಲಿ. ನಾನು ಇವತ್ತು ಬುದ್ಧಿ ಹೇಳಲು ಬಂದಿಲ್ಲ. ಮಕ್ಕಳ ಮೇಲೆ ಈ ಪರದೆಗಳು ಏನು ಮಾಡುತ್ತವೆ ಎಂದು ಕಂಡುಕೊಳ್ಳುವುದೇ ನನ್ನ ಕೆಲಸ. ಆ ಕೆಲಸ ಹೇಗೆ ನಡೆಯುತ್ತದೆ, ಅದರಲ್ಲಿ ನಾನೇ ಎಲ್ಲಿ ಎಡವಿದೆ ಎಂಬುದನ್ನು ಹೇಳುತ್ತೇನೆ.

ನಮ್ಮ ಶಾಲೆ ಶುರುವಾದ 1975ರಲ್ಲೇ, ಆಗಸ್ಟ್ 1ರಂದು, ಇಸ್ರೋ ಒಂದು ದೊಡ್ಡ ಪ್ರಯೋಗ ಆರಂಭಿಸಿತು. ಅಮೆರಿಕದ ಉಪಗ್ರಹವೊಂದನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಕಳಿಸಿದರು. ಸೈಟ್ ಎಂದು ಅದರ ಹೆಸರು. ನಮ್ಮ ಕಡೆಗೆ ಅದು ಬರಲಿಲ್ಲ. ಕರ್ನಾಟಕದಲ್ಲಿ ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಹಳ್ಳಿಗಳಿಗೆ ಹೋಯಿತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ. ನನಗೆ ಇದರಲ್ಲಿ ಇಷ್ಟವಾಗುವುದು ಉಪಗ್ರಹವಲ್ಲ. ಸಂಶೋಧಕರು ಹಳ್ಳಿಗಳಿಗೇ ಹೋಗಿ ತಿಂಗಳುಗಟ್ಟಲೆ ಉಳಿದು, ಜನ ಏನು ನೋಡುತ್ತಾರೆ, ನೋಡಿದ ಮೇಲೆ ಏನು ಮಾತಾಡುತ್ತಾರೆ ಎಂದು ಬರೆದಿಟ್ಟುಕೊಂಡರಲ್ಲ, ಅದು. ಟಿ.ವಿ. ಇದ್ದ ಶಾಲೆಯ ಮಕ್ಕಳನ್ನು ಇಲ್ಲದ ಶಾಲೆಯ ಮಕ್ಕಳ ಜೊತೆ ಹೋಲಿಸಿದರು. ನೋಡಿದ ಮಕ್ಕಳ ಭಾಷೆ ಸುಧಾರಿಸಿತ್ತು, ತಿಳಿಯುವ ಆಸೆ ಹೆಚ್ಚಿತ್ತು. ಆದರೆ ಟಿ.ವಿ. ಬಂತೆಂದು ಶಾಲೆ ಬಿಡುವ ಮಕ್ಕಳು ಕಡಿಮೆಯಾಗಲಿಲ್ಲ.

ಇವತ್ತು ಆ ಅನುಕೂಲ ನಮಗಿಲ್ಲ. ಚನ್ನರಾಯನದುರ್ಗದಿಂದ ತೋವಿನಕೆರೆಯವರೆಗೆ ಹುಡುಕಿದರೂ ಮೊಬೈಲ್ ಇಲ್ಲದ ಊರು ಸಿಕ್ಕೀತೇ? ಹೋಲಿಸುವುದು ಯಾವುದರ ಜೊತೆ? ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನ ಮಕ್ಕಳನ್ನು ವಿಚಾರಿಸಿದ 2024ರ ‘ಅಸರ್’ ವರದಿಯಲ್ಲಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರ ಓದಿಗಾಗಿ ಬಳಸಿದವರು 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76.

ಹೋಲಿಸಲು ಯಾರೂ ಇಲ್ಲದಾಗ ಕಾರಣ ಯಾವುದು, ಪರಿಣಾಮ ಯಾವುದು ಎನ್ನುವುದೇ ಕಗ್ಗಂಟು. ಕಡಲೆಕಾಯಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಈ ಸಲ ಕಾಯಿ ಕಟ್ಟಲಿಲ್ಲ ಎಂದರೆ ಬೀಜದ ತಪ್ಪೋ, ಮಳೆಯ ತಪ್ಪೋ? ಹಾಗೆಯೇ, ಮಂಕಾಗಿರುವ ಹುಡುಗ ಮೊಬೈಲ್ ಹಿಡಿದು ಕೂತಿದ್ದರೆ, ಮೊಬೈಲಿನಿಂದ ಮಂಕಾದನೋ, ಮನೆಯಲ್ಲಿ ಮಾತಾಡಲು ಯಾರೂ ಇಲ್ಲದೆ ಮೊಬೈಲ್ ಹಿಡಿದನೋ? ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್ಸ್ಕಿ ಎಂಬ ಇಬ್ಬರು 2019ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ತೂಗಿ ನೋಡಿದರು. ಮಕ್ಕಳ ನೆಮ್ಮದಿಯಲ್ಲಿ ಕಾಣುವ ವ್ಯತ್ಯಾಸದ ಶೇಕಡಾ ಅರ್ಧದಷ್ಟನ್ನೂ ಡಿಜಿಟಲ್ ಬಳಕೆ ವಿವರಿಸುವುದಿಲ್ಲ ಎಂದರು. ಇದನ್ನು ಕೇಳಿ ಮಕ್ಕಳು ಚಪ್ಪಾಳೆ ತಟ್ಟಬೇಡಿ, ತಡೆಯಿರಿ. ಇದು ಸರಾಸರಿಯ ಮಾತು. ತರಗತಿಯಲ್ಲಿ ಐವತ್ತು ಮಕ್ಕಳಿಗೆ ಏನೂ ಆಗದೆ ಇಬ್ಬರು ಮುಳುಗಿಹೋದರೂ ಸರಾಸರಿ ಚಿಕ್ಕದಾಗಿಯೇ ಇರುತ್ತದೆ. ಆ ಇಬ್ಬರು ಸುಳ್ಳಲ್ಲ. ಅಂಥವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಷಟ್’ ಎಂಬ ಪ್ರತ್ಯೇಕ ಕ್ಲಿನಿಕ್ ನಡೆಯುತ್ತಿದೆ.

ಈಗ ನನ್ನ ತಪ್ಪಿನ ವಿಷಯ.

ಕಳೆದ ಮಳೆಗಾಲದಲ್ಲಿ ಒಂದು ಶಾಲೆಯ ಒಂಬತ್ತನೇ ತರಗತಿಯ ಮಕ್ಕಳಿಗೆ ಪ್ರಶ್ನೆಯ ಹಾಳೆ ಕೊಟ್ಟೆ. ಮೊದಲ ಪ್ರಶ್ನೆ: ನಿನ್ನ ಹತ್ತಿರ ಮೊಬೈಲ್ ಇದೆಯೇ? ಎರಡನೆಯದು: ದಿನಕ್ಕೆ ಎಷ್ಟು ಹೊತ್ತು ನೋಡುತ್ತೀಯ? ಒಬ್ಬ ಹುಡುಗಿ ಮೊದಲನೆಯದಕ್ಕೆ ‘ಇಲ್ಲ’, ಎರಡನೆಯದಕ್ಕೆ ‘ಒಂದು ಗಂಟೆ’ ಎಂದು ಬರೆದಿದ್ದಳು. ಅವಳನ್ನು ‘ತೊಂದರೆ ಇಲ್ಲ’ ಎಂಬ ಕಟ್ಟಿಗೆ ಸೇರಿಸಿದೆ. ಇಂಥ ಕಟ್ಟುಗಳನ್ನು ಕಟ್ಟಿ ಮುಗಿಸುವಾಗ ನಮಗೆ ಒಂದು ಬಗೆಯ ಖುಷಿ ಇರುತ್ತದೆ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳು ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಹುಷಾರಿಲ್ಲವಾ ಎಂದು ಕೇಳಿದೆ. ನಿಧಾನವಾಗಿ ವಿಷಯ ಬಂತು. ಮನೆಯಲ್ಲಿರುವುದು ಒಂದೇ ಫೋನು. ಅಪ್ಪ ಬರುವುದು ಎಂಟಕ್ಕೆ. ಊಟ ಮುಗಿಸಿ ಅವರು ನೋಡಬೇಕು, ಆಮೇಲೆ ಅಣ್ಣ. ಅಣ್ಣ ಮಲಗಿದ ಮೇಲೆ, ಹನ್ನೊಂದೋ ಹನ್ನೊಂದೂವರೆಯೋ, ಇವಳ ಪಾಳಿ. ತರಗತಿಯ ವಾಟ್ಸಾಪ್ ಗುಂಪಿಗೆ ಬಂದ ಮನೆಪಾಠವನ್ನು ಆಗ ಬರೆದುಕೊಳ್ಳಬೇಕು. ಬರೆದಾದ ಮೇಲೆ ಸ್ವಲ್ಪ ಹೊತ್ತು ರಂಗೋಲಿಯ ವಿಡಿಯೋ. ಬೆಳಿಗ್ಗೆ ಐದೂವರೆಗೆ ನೀರು ಹಿಡಿಯಲು ಏಳಬೇಕು. ಅವಳು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಫೋನ್ ಅವಳದಲ್ಲ, ನೋಡುವುದು ಒಂದೇ ಗಂಟೆ. ಆ ಒಂದು ಗಂಟೆ ರಾತ್ರಿಯ ಯಾವ ಗಂಟೆ ಎಂದು ನಾನು ಕೇಳಿರಲೇ ಇಲ್ಲ.

ಅದೇ ತರಗತಿಯಲ್ಲಿ ನಾಲ್ಕು ಗಂಟೆ ಎಂದು ಬರೆದ ಹುಡುಗನೊಬ್ಬನನ್ನು ‘ಅಪಾಯ’ದ ಕಟ್ಟಿಗೆ ಹಾಕಿದ್ದೆ. ಅವನು ಓದು ಬಾರದ ತಾತನಿಗೆ ಮಾರುಕಟ್ಟೆ ದರ ಓದಿ ಹೇಳುವವನು, ಭಾನುವಾರ ಕ್ರಿಕೆಟ್ ನೋಡುವವನು, ರಾತ್ರಿ ಒಂಬತ್ತೂವರೆಗೆ ಗಡದ್ದಾಗಿ ಮಲಗುವವನು.

2023ರ ಅಸರ್ ವರದಿಯ ಒಂದು ಅಂಕಿ ಆಮೇಲೆ ನನಗೆ ಬೇರೆಯಾಗಿ ಕಾಣತೊಡಗಿತು. 14ರಿಂದ 18 ವಯಸ್ಸಿನವರಲ್ಲಿ, ಫೋನ್ ಬಳಸಬಲ್ಲ ಹುಡುಗರ ಪೈಕಿ ಸ್ವಂತ ಫೋನ್ ಇರುವವರು ನೂರಕ್ಕೆ 43.7, ಹುಡುಗಿಯರಲ್ಲಿ 19.8. ಹೆಣ್ಣುಮಕ್ಕಳು ಫೋನಿನಿಂದ ದೂರ ಇದ್ದಾರೆ, ಒಳ್ಳೆಯದೇ ಆಯಿತು ಎಂದು ಇದನ್ನು ಓದುವವರಿದ್ದಾರೆ. ನಾನೂ ಹಾಗೇ ಓದಿದ್ದೆ. ಎಲ್ಲರದೂ ಮುಗಿದ ಮೇಲೆ ಯಾರ ಪಾಳಿ ಬರುತ್ತದೆ ಎಂದು ಆ ಅಂಕಿ ಹೇಳುವುದಿಲ್ಲ.

ಪೋಷಕರಿಗೆ ಒಂದು ನೆನಪು ಮಾಡುತ್ತೇನೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ, ಅದಕ್ಕೂ ಮುಂಚೆ ‘ಮುಟ್ಟಬೇಡ’ ಎನ್ನುತ್ತಿದ್ದ ಫೋನನ್ನು ಸ್ಲೇಟಿನ ಹಾಗೆ ಮಕ್ಕಳ ಕೈಗೆ ಕೊಟ್ಟವರು ನಾವೇ. ಆ ವರ್ಷ ಮೇಷ್ಟರುಗಳು ಅರಳಿಕಟ್ಟೆ, ದೇವಸ್ಥಾನದ ಜಗುಲಿಗಳಲ್ಲಿ ವಿದ್ಯಾಗಮದ ಪಾಠ ಮಾಡಿದ್ದನ್ನೂ ನೋಡಿದ್ದೇವೆ. ಅದು ಅಕ್ಟೋಬರಿನಲ್ಲಿ ನಿಂತಿತು. ಫೋನು ಉಳಿಯಿತು. ಶಾಲೆ ತೆರೆದ ಮೇಲೂ ಮನೆಪಾಠ ಅದರಲ್ಲೇ ಬರುತ್ತಿದೆ, ರಾತ್ರಿ ಒಂಬತ್ತಕ್ಕೆ ಬಂದರೂ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ಹಾಳೆಯನ್ನು ಈಗ ತಿದ್ದಿದ್ದೇನೆ. ಎಷ್ಟು ಹೊತ್ತು ಎಂಬುದು ಕೊನೆಯ ಪ್ರಶ್ನೆ. ಅದಕ್ಕಿಂತ ಮೊದಲು ಫೋನ್ ಯಾರದು, ಕೈಗೆ ಸಿಗುವುದು ಎಷ್ಟು ಗಂಟೆಗೆ, ಅದನ್ನು ಹಿಡಿದಾಗ ಬಿಟ್ಟುಹೋದ ಕೆಲಸ ಯಾವುದು, ನಿನ್ನೆ ಮಲಗಿದ್ದು ಯಾವಾಗ, ಎದ್ದದ್ದು ಯಾವಾಗ, ಅದರಲ್ಲಿ ನೋಡಿದ್ದನ್ನು ಮನೆಯಲ್ಲಿ ಯಾರ ಹತ್ತಿರವಾದರೂ ಹೇಳಿದೆಯಾ ಎಂದು ಕೇಳುತ್ತೇನೆ. ತಿದ್ದಿದ ಹಾಳೆಯನ್ನು ಮೊದಲು ಆ ಹುಡುಗಿಗೇ ತೋರಿಸಿದೆ. ಓದಿ ನೋಡಿ, ‘ಚೆನ್ನಾಗಿದೆ ಸಾರ್, ಅಪ್ಪನಿಗೂ ಒಂದು ಕೊಡ್ತೀರಾ?’ ಎಂದಳು.

ಕೊಡುತ್ತೇನೆ. ಹೊರಗೆ ಬಾಗಿಲ ಪಕ್ಕದ ಮೇಜಿನ ಮೇಲೆ ಎರಡು ಬಣ್ಣದ ಹಾಳೆಗಳಿವೆ. ಬಿಳಿಯದು ಮಕ್ಕಳಿಗೆ, ಹಳದಿಯದು ದೊಡ್ಡವರಿಗೆ, ಪ್ರಶ್ನೆಗಳು ಎರಡರಲ್ಲೂ ಅವೇ. ಹೆಸರು ಬರೆಯಬೇಡಿ. ಊಟಕ್ಕೆ ಹೋಗುವ ಮುಂಚೆ ತೆಗೆದುಕೊಂಡರೆ ಸಾಕು, ಸೋಮವಾರ ಆಫೀಸಿನ ಡಬ್ಬದಲ್ಲಿ ಹಾಕಿ.