ಕಿಡಿಗೆ ಎರಡನೆಯ ಆಸರೆ



ಸಿಕ್ಕಿರುವ ಸಮಯವನ್ನು ಒಂದೇ ವಿಷಯಕ್ಕೆ ಮೀಸಲಿಡುತ್ತೇನೆ. ಸಣ್ಣ ವಿಮಾನದ ಎಂಜಿನ್‌ಗೆ ಕಿಡಿ ಕೊಡುವ ಕೆಲಸ ಮ್ಯಾಗ್ನೆಟೊದಿಂದ ಎಲೆಕ್ಟ್ರಾನಿಕ್ ಇಗ್ನಿಷನ್‌ಗೆ ಹೋಗುತ್ತಿದೆ. ಅದಕ್ಕೆ ಕರೆಂಟ್ ಕೊಡುವ ಮೂಲವೇ ಕೈಕೊಟ್ಟರೆ ಮುಂದೇನು?

ಮ್ಯಾಗ್ನೆಟೊ ಯಾರ ಹಂಗಿನಲ್ಲೂ ಇಲ್ಲದ ಯಂತ್ರ. ಒಳಗೊಂದು ಶಾಶ್ವತ ಅಯಸ್ಕಾಂತ, ಒಂದು ಕಾಯಿಲ್, ಒಂದು ಜೊತೆ ಪಾಯಿಂಟ್. ಬ್ಯಾಟರಿ ಸತ್ತರೂ, ಮಾಸ್ಟರ್ ಸ್ವಿಚ್ ಆಫ್ ಮಾಡಿದರೂ, ಎಂಜಿನ್ ತಿರುಗುತ್ತಿರುವಷ್ಟು ಹೊತ್ತು ಕಿಡಿ ಬರುತ್ತಲೇ ಇರುತ್ತದೆ. ಆದರೆ ಅದರ ಟೈಮಿಂಗ್ ಒಂದೇ ಕೋನಕ್ಕೆ ಕಟ್ಟುಬಿದ್ದದ್ದು. 500 ಗಂಟೆಗೊಮ್ಮೆ ಬಿಚ್ಚಿ ನೋಡಬೇಕು. ಎಲೆಕ್ಟ್ರಾನಿಕ್ ಇಗ್ನಿಷನ್ ವೇಗ, ಲೋಡ್ ನೋಡಿ ಟೈಮಿಂಗ್ ಹೊಂದಿಸಿಕೊಳ್ಳುತ್ತದೆ, ಬೇಗ ಸ್ಟಾರ್ಟ್ ಆಗುತ್ತದೆ, ಇಂಧನ ಉಳಿಸುತ್ತದೆ. ಈ ಬದಲಾವಣೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ವಿಮಾನಗಳನ್ನೇ ನೋಡಿ. ಹಂಸ-3ರಲ್ಲಿರುವುದು ರೋಟಾಕ್ಸ್ 914 ಎಂಜಿನ್. ಅದರ ಇಗ್ನಿಷನ್ ಕೂಡ ಎಲೆಕ್ಟ್ರಾನಿಕ್ಕೇ. ಆದರೆ ಕಿಡಿಗೆ ಬೇಕಾದ ಕರೆಂಟನ್ನು ಎಂಜಿನ್ನಿನ ಸ್ಟೇಟರ್ ಕಾಯಿಲ್‌ಗಳೇ ಹುಟ್ಟಿಸುತ್ತವೆ, ಬ್ಯಾಟರಿಯ ನೆರವು ಬೇಡ. 2021ರ ಸೆಪ್ಟೆಂಬರ್ 3ರಂದು ಮೊದಲ ಸಲ ಹಾರಿದ ಹಂಸ-ಎನ್‌ಜಿಯಲ್ಲಿ ರೋಟಾಕ್ಸ್ 912 ಐಎಸ್ ಇದೆ. ಇಲ್ಲಿ ಕಿಡಿಯಷ್ಟೇ ಅಲ್ಲ, ಇಂಜೆಕ್ಷನ್ನೂ ಇಂಧನ ಪಂಪೂ ಕರೆಂಟನ್ನೇ ನಂಬಿವೆ. ಅದಕ್ಕೇ ಎಂಜಿನ್‌ಗೆ ಎರಡು ಜನರೇಟರ್ ಕೊಟ್ಟಿದ್ದಾರೆ: ಒಂದು ಎಂಜಿನ್ನಿನ ಕೆಲಸಕ್ಕೆ, ಇನ್ನೊಂದು ವಿಮಾನದ ಉಳಿದ ಉಪಕರಣಗಳಿಗೆ. ಮೊದಲನೆಯದು ಸೋತರೆ ಎರಡನೆಯದು ಎಂಜಿನ್ನಿನ ಹೊರೆ ಹೊರುತ್ತದೆ. ಎರಡೂ ಸೋತರೆ ಪೈಲಟ್ ಸ್ವಿಚ್ ಹಾಕಿ ಬ್ಯಾಟರಿಯನ್ನು ಎಂಜಿನ್‌ಗೆ ಜೋಡಿಸಬೇಕು. ಆಮೇಲೆ ಉಳಿಯುವುದು ಬ್ಯಾಟರಿಯಲ್ಲಿ ಎಷ್ಟಿದೆಯೋ ಅಷ್ಟೇ ಹೊತ್ತು.

ಆದರೆ ಎರಡೆರಡು ಮೂಲಗಳಿದ್ದರೂ ಎಲ್ಲವೂ ಒಟ್ಟಿಗೆ ಸೋಲಬಹುದು. 2007ರ ಮಾರ್ಚ್ 4ರಂದು ಜರ್ಮನಿಯ ಸ್ಪೈಯರ್‌ನಲ್ಲಿ ನಡೆದದ್ದನ್ನು ನಾವೆಲ್ಲ ಓದಿರಬೇಕು. ಅದು ಡೈಮಂಡ್ ಡಿಎ42, ಎರಡು ಡೀಸೆಲ್ ಎಂಜಿನ್‌ಗಳ ವಿಮಾನ. ಡೀಸೆಲ್‌ಗೆ ಕಿಡಿ ಬೇಡ, ನಿಜ. ಆದರೆ ಆ ಎಂಜಿನ್ ನಡೆಸುವ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕಕ್ಕೆ, ಅಂದರೆ ಇಸಿಯುಗೆ, ಕರೆಂಟ್ ಬೇಕೇ ಬೇಕು. ವಿಮಾನದ ಬ್ಯಾಟರಿ ಖಾಲಿಯಾಗಿತ್ತು. ಹೊರಗಿನಿಂದ ಕರೆಂಟ್ ಕೊಟ್ಟು ಎರಡೂ ಎಂಜಿನ್ ಸ್ಟಾರ್ಟ್ ಮಾಡಿ ಹೊರಟರು. ನೆಲ ಬಿಟ್ಟು ಚಕ್ರ ಒಳಗೆಳೆದ ಗಳಿಗೆಯಲ್ಲೇ ವೋಲ್ಟೇಜ್ ಕುಸಿಯಿತು. ಎರಡೂ ಕಡೆಯ ಇಸಿಯುಗಳು ರೀಸೆಟ್ ಆದವು, ಎರಡೂ ಎಂಜಿನ್ ನಿಂತವು. ಎರಡು ಎಂಜಿನ್, ಎರಡು ಆಲ್ಟರ್ನೇಟರ್ ಇದ್ದೂ ಎಲ್ಲವೂ ಒಂದೇ ಕುಸಿತಕ್ಕೆ ಸಿಕ್ಕಿದವು. ಆಮೇಲೆ ಇಸಿಯುಗಳಿಗೆಂದೇ ಪ್ರತ್ಯೇಕ ಬ್ಯಾಕಪ್ ಬ್ಯಾಟರಿ ಬಂತು.

ನನ್ನ ಮಾತಿನ ತಿರುಳು ಇದೇ. ಮೊದಲನೆಯದನ್ನು ಕೆಡಿಸಿದ ಕಾರಣ ಎರಡನೆಯದನ್ನೂ ಕೆಡಿಸುವಂತಿದ್ದರೆ ಅದು ಬ್ಯಾಕಪ್ ಅಲ್ಲ, ಬರೀ ಭಾರ. ನಾನು ನೋಡಿದ ಒಂದು ವಿಮಾನದಲ್ಲಿ ಬ್ಯಾಕಪ್ ಬ್ಯಾಟರಿ ಹೊಚ್ಚ ಹೊಸದು. ಮುಖ್ಯ ಬ್ಯಾಟರಿ ಅದರ ಕರೆಂಟನ್ನು ಹಿಂದಕ್ಕೆ ಹೀರದಂತೆ ಡಯೋಡ್ ಕೂಡ ಸರಿಯಾಗಿ ಹಾಕಿದ್ದರು. ಆದರೆ ಎರಡೂ ಬ್ಯಾಟರಿಗಳ ಅರ್ಥ್ ವೈರು ಬಂದು ಸೇರಿದ್ದು ಫೈರ್‌ವಾಲಿನ ಒಂದೇ ಬೋಲ್ಟಿಗೆ! ಕಂಪನಕ್ಕೆ ಆ ಬೋಲ್ಟ್ ಸಡಿಲವಾದರೆ ಎರಡು ಬ್ಯಾಟರಿಯೂ ಇಲ್ಲದಂತೆಯೇ ಲೆಕ್ಕ.

ಇನ್ನು ಹೊತ್ತಿನ ಲೆಕ್ಕ. ಇಗ್ನಿಷನ್ 2 ಆಂಪಿಯರ್ ಎಳೆಯುತ್ತದೆ, ಬ್ಯಾಟರಿ 5 ಆಂಪಿಯರ್-ಅವರ್‌ನದು ಎಂದುಕೊಳ್ಳಿ. ಕಾಗದದ ಮೇಲೆ ಎರಡೂವರೆ ಗಂಟೆ. ಹಳತಾಗಿ ಅರ್ಧ ಶಕ್ತಿ ಕಳೆದುಕೊಂಡಿದ್ದರೆ ಒಂದೂಕಾಲು ಗಂಟೆ. ಚಳಿಯಿದ್ದರೆ ಇನ್ನೂ ಕಡಿಮೆ. ಮೀಟರ್ ಹಿಡಿದು ವೋಲ್ಟೇಜ್ ನೋಡಿದರೆ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆಂದು ತಿಳಿಯುವುದಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಂತೂ ಬಹುಪಾಲು ಖಾಲಿಯಾಗುವವರೆಗೂ ಹೆಚ್ಚುಕಡಿಮೆ ಅದೇ ವೋಲ್ಟೇಜ್ ತೋರಿಸಿ, ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಲೋಡ್ ಹಾಕಿ, ಗಡಿಯಾರ ಇಟ್ಟು ಅಳೆದರೆ ಮಾತ್ರ ಸತ್ಯ ಗೊತ್ತಾಗುವುದು.

ಎಂಜಿನಿಯರ್ ಬಂಧುಗಳೇ, ವರ್ಷದ ಇನ್‌ಸ್ಪೆಕ್ಷನ್‌ನಲ್ಲಿ ಬ್ಯಾಕಪ್ ಬ್ಯಾಟರಿಯನ್ನು ಹೀಗೆ ಅಳೆಯಿರಿ, ಬಂದ ನಿಮಿಷಗಳನ್ನು ಲಾಗ್‌ಬುಕ್ಕಿನಲ್ಲಿ ಬರೆಯಿರಿ, ಅರ್ಥ್ ವೈರನ್ನು ಕೈಯಿಂದ ಮುಟ್ಟಿ ನೋಡಿ. ಬೋಧಕರೇ, ವಿದ್ಯಾರ್ಥಿಯನ್ನು ಹತ್ತಿಸಿಕೊಳ್ಳುವ ಮೊದಲು ಆ ನಿಮಿಷ ಎಷ್ಟೆಂದು ಅವನ ಬಾಯಿಂದಲೇ ಹೇಳಿಸಿ. ಉತ್ತರ ಬರದಿದ್ದರೆ ಆ ದಿನ ಹಾರಿಸಬೇಡಿ.