ದೂರದ ಸವಾರಿಯಲ್ಲಿ ಸೈಕಲ್ ಕಾವಲು

ಭಾನುವಾರ ಬೆಳಗ್ಗೆ ಹಳೆಯ ಮೈಸೂರು ರಸ್ತೆಯಲ್ಲಿ ನಿಂತರೆ, ಬೆಂಗಳೂರಿನಿಂದ ಹೊರಟ ಸೈಕಲ್ ಸವಾರರ ಗುಂಪುಗಳು ಕಾಣುತ್ತವೆ. ಬಿಡದಿಯಲ್ಲಿ ತಟ್ಟೆ ಇಡ್ಲಿ, ಮದ್ದೂರಿನಲ್ಲಿ ವಡೆ, ನಡುವೆ ಎಲ್ಲಾದರೂ ಎಳನೀರು. ಸೈಕಲ್ ಕಳವಾಗುವುದೂ ಇಂಥ ನಿಲುಗಡೆಗಳಲ್ಲೇ. ಹಸಿವು, ದಣಿವು ಎರಡೂ ಸೇರಿದಾಗ ಎಚ್ಚರ ತಪ್ಪುವುದು ಸಹಜ.

ಊರೊಳಗೆ ಓಡಾಡುವವರು ಉಕ್ಕಿನ ಭಾರದ ಯು-ಲಾಕ್ ಒಯ್ಯಬಹುದು. ದಿನವಿಡೀ ಪೆಡಲ್ ತುಳಿಯುವವರು ಆ ಹೊರೆ ಹೊರಲು ಒಪ್ಪುವುದಿಲ್ಲ. ತೆಳುವಾದ ಕೇಬಲ್ ಲಾಕ್ ಜೇಬಿಗೆ ಹಾಕಿಕೊಂಡು ಹೊರಡುತ್ತಾರೆ. ಒಳ್ಳೆಯ ಕಟರ್ ಇದ್ದವನು ಅದನ್ನು ಕ್ಷಣದಲ್ಲಿ ಕತ್ತರಿಸುತ್ತಾನೆ. ಆದರೆ ಕಂಡ ಸೈಕಲ್ ಹತ್ತಿ ಹೊರಟುಬಿಡುವವನನ್ನು ತಡೆಯಲು ಅದು ಸಾಕು. ಸಣ್ಣ ಬೀಗ ಕೊಡುವುದು ಸ್ವಲ್ಪ ಸಮಯವನ್ನಷ್ಟೇ. ಉಳಿದದ್ದು ನಮ್ಮ ಕಣ್ಣಿನ ಕೆಲಸ.

ಆದ್ದರಿಂದ ಹೋಟೆಲ್ ಆರಿಸುವಾಗ ರುಚಿಯ ಜೊತೆಗೆ, ಕೂತಲ್ಲಿಂದ ಸೈಕಲ್ ಕಾಣುತ್ತದೆಯೇ ಎಂದೂ ನೋಡಿ. ಒಬ್ಬರೇ ಇದ್ದರೆ, "ಅಣ್ಣಾ, ಐದು ನಿಮಿಷ ಸೈಕಲ್ ನೋಡ್ಕೊಳ್ತೀರಾ?" ಎಂದು ಎಳನೀರಿನವರನ್ನು ಕೇಳಿ. ಗುಂಪಿನಲ್ಲಿದ್ದರೆ ಸರದಿಯಂತೆ ಕೈತೊಳೆಯಲು ಹೋಗಿ. ಎಲ್ಲ ಸೈಕಲ್‌ಗಳ ಫ್ರೇಮ್ ಒಳಗಿಂದ ಒಂದೇ ಕೇಬಲ್ ಹಾಯಿಸಿ.

ಕಟ್ಟುವ ಕಂಬ ನೆಲದಲ್ಲಿ ಭದ್ರವಾಗಿರಬೇಕು, ಸೈಕಲ್ ಎತ್ತಿ ಮೇಲಿಂದ ತೆಗೆಯಲಾಗದಷ್ಟು ಎತ್ತರವಿರಬೇಕು. ಕೇಬಲ್ ಹಿಂದಿನ ಚಕ್ರ, ಫ್ರೇಮ್ ಎರಡನ್ನೂ ಬಳಸಿ ಕಂಬವನ್ನು ಸುತ್ತಲಿ. ಉದ್ದ ಉಳಿದರೆ ಮುಂಚಕ್ರಕ್ಕೂ ಹಾಯಿಸಿ. ಸ್ಪ್ಯಾನರ್ ಇಲ್ಲದೆ ಚಕ್ರ ಬಿಚ್ಚಲು ಇಟಲಿಯ ಸವಾರ ತುಲ್ಲಿಯೊ ಕಾಂಪಾನ್ಯೋಲೊ ರೂಪಿಸಿದ ಕ್ವಿಕ್ ರಿಲೀಸ್ ಸನ್ನೆ ಇಂದು ಎಷ್ಟೋ ಸೈಕಲ್‌ಗಳಲ್ಲಿದೆ. ಪಂಕ್ಚರ್ ಹಾಕುವವರಿಗೆ ಅದು ವರ, ಕಳ್ಳನಿಗೂ ಅಷ್ಟೇ ಅನುಕೂಲ.

ಕಂಬವೇ ಸಿಗದಿದ್ದರೆ? ಹೆಲ್ಮೆಟ್ ಪಟ್ಟಿಯನ್ನು ಮುಂಚಕ್ರದ ಕಡ್ಡಿಗಳ ನಡುವೆ ತೂರಿಸಿ ಫ್ರೇಮ್‌ಗೆ ಸುತ್ತಿ ಬಕಲ್ ಹಾಕಿ. ಸೈಕಲ್ ನಿಂತಿರುವಾಗಲೇ ಗೇರ್ ಸನ್ನೆಯನ್ನು ಎರಡು ಮೂರು ಬಾರಿ ಒತ್ತಿಬಿಡಿ. ಹತ್ತಿ ಓಡಲು ಹೋದವನ ಪೆಡಲ್ ತಿರುಗುತ್ತಲೇ ಚೈನ್ ಗಡಗಡ ಸದ್ದು ಮಾಡುತ್ತಾ ಹಲ್ಲಿನಿಂದ ಹಲ್ಲಿಗೆ ಹಾರಿ ತಡವರಿಸುತ್ತದೆ. ಅಷ್ಟರಲ್ಲಿ ನಿಮಗೆ ಎದ್ದು ಕೂಗಲು ಸಮಯ ಸಿಗುತ್ತದೆ. ಚಕ್ರದ ಸನ್ನೆಯನ್ನು ಮಾತ್ರ ಸಡಿಲಿಸಿ ಇಡಬೇಡಿ. ಮರೆತು ಹತ್ತಿದರೆ ಬೀಳುವವರು ನೀವೇ. ದೀಪ, ಜಿಪಿಎಸ್ ಜೇಬಿಗೆ ಬರಲಿ. ರಾತ್ರಿ ತಂಗುವುದಾದರೆ ಸೈಕಲ್ ಕೋಣೆಯೊಳಗೆ ತರಬಹುದೇ ಎಂದು ಲಾಡ್ಜ್‌ನವರನ್ನು ಮೊದಲೇ ಕೇಳಿ.

ಸೈಕಲ್‌ಗೆ ಆರ್‌ಟಿಒ ನೋಂದಣಿ ಇಲ್ಲ. ಫ್ರೇಮ್ ನಂಬರೇ ಅದರ ಗುರುತು. ಸೈಕಲ್ ತಲೆಕೆಳಗು ಮಾಡಿ. ಸಾಮಾನ್ಯವಾಗಿ ಪೆಡಲ್ ಅಚ್ಚಿನ ಅಡಿಯಲ್ಲಿ ಅದು ಕೆತ್ತಿರುತ್ತದೆ. ಅದರ ಫೋಟೊ, ಬಿಲ್ ಎರಡೂ ಮೊಬೈಲ್‌ನಲ್ಲಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಕಳವು ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಮದ್ದೂರಿನಲ್ಲಿ ಕಳೆದದ್ದಕ್ಕೆ ಬೆಂಗಳೂರಿನಲ್ಲಿ ದೂರು ನೀಡಬಹುದು. ಇ-ದೂರು ಕಳಿಸಿದರೆ ಮೂರು ದಿನದೊಳಗೆ ಸಹಿ ಹಾಕಬೇಕು.

ಹೆದ್ದಾರಿಯ ಹೋಟೆಲ್ ಮಾಲೀಕರಲ್ಲೂ ಒಂದು ಕೋರಿಕೆ. ಊಟದ ಮೇಜಿನಿಂದ ಕಾಣುವಂತೆ ಅಂಗಳದಲ್ಲಿ ಒಂದು ಕಬ್ಬಿಣದ ಕಂಬಿ ನೆಟ್ಟುಕೊಡಿ. ಹೆಚ್ಚು ಖರ್ಚಿಲ್ಲದ ಈ ಕೆಲಸದಿಂದ ಸವಾರರು ನಿಶ್ಚಿಂತೆಯಾಗಿ ಉಂಡು ಮುಂದೆ ಹೋಗುತ್ತಾರೆ, ಮುಂದಿನ ವಾರ ನಿಮ್ಮಲ್ಲಿಗೇ ಬರುತ್ತಾರೆ.