ಆದಿಕ್ರೈಸ್ತರ ಆತ್ಮವಿಚಾರ



ಭೀಮರಾಯನಗುಡಿಯ ಸುತ್ತಣ ಶಹಾಪುರ-ಸುರಪುರ ಸೀಮೆಯವರಿಗೆ ಆತ್ಮವೆಂಬುದು ಹೊಸ ಮಾತಲ್ಲ. ಬಸವಣ್ಣನವರಿಗೂ ಹಿಂದಿನವನಾದ ಮುದನೂರಿನ ದಾಸಿಮಯ್ಯನು, ಹೆಣ್ಣು ಗಂಡೆಂಬ ಭೇದವು ಒಡಲಿಗೆ ಸಂಬಂಧಿಸಿದುದೇ ಹೊರತು ಆತ್ಮಕ್ಕಲ್ಲವೆಂದು ತಿಳಿಸಿದವನು. ಇಂಥ ನಾಡಿನ ಕಿವಿಗೆ, ಆತ್ಮವೆಂದೊಡನೆ ಹುಟ್ಟುಸಾವುಗಳಿಲ್ಲದ ನಿತ್ಯವಸ್ತುವೇ ತೋರುವುದು ಸಹಜ. ಆದಿಕ್ರೈಸ್ತರೂ ಆತ್ಮವನ್ನು ಹೀಗೆಯೇ ತಿಳಿದಿದ್ದರೇ ಎಂಬುದು ನಮ್ಮ ಇಂದಿನ ವಿಚಾರ.

1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಿಸತೊಡಗಿದ ಜಾನ್ ಹ್ಯಾಂಡ್ಸರ ಮುಂದೆಯೂ, ಅವರ ತರುವಾಯದವರ ಮುಂದೆಯೂ ಈ ತೊಡಕು ಇದ್ದೇ ಇತ್ತು. ಗ್ರೀಕರ 'ಪ್ಸೂಖೆ' ಎಂಬ ಒಂದೇ ಶಬ್ದವು ಕನ್ನಡ ಬೈಬಲಿನಲ್ಲಿ ಒಂದೆಡೆ ಪ್ರಾಣವೆಂದೂ ಮತ್ತೊಂದೆಡೆ ಆತ್ಮವೆಂದೂ ಬಂದಿದೆ. ನಮಗಾದರೋ ಪ್ರಾಣವೆಂಬುದೇ ಲೇಸೆಂದು ತೋರುತ್ತದೆ. ಪ್ರಾಣವು ಬಂದದ್ದು, ಹೋಗತಕ್ಕದ್ದು. ತನ್ನ ಬಲದಿಂದ ತಾನು ನಿಲ್ಲುವುದಲ್ಲ. ಪ್ಲೇಟೋವಿನ ಮತದಲ್ಲಿ ಪಳಗಿ, ಅನಂತರ ಕ್ರೈಸ್ತನಾದ 2ನೆಯ ಶತಮಾನದ ಜಸ್ಟಿನನು ಹೇಳಿದುದೂ ಇದನ್ನೇ. ಜೀವವು ಸ್ವಭಾವತಃ ಅಮರವಲ್ಲ. ಈಶ್ವರನು ಬದುಕಲಿ ಎಂದುದರಿಂದ ಬದುಕಿದೆ.

ಆದರೆ ಎಲ್ಲರೂ ಒಂದೇ ದಾರಿಯಲ್ಲಿ ನಡೆಯಲಿಲ್ಲ. ಕಾರ್ಥೇಜಿನ ಟೆರ್ಟುಲಿಯನನು ಜೀವವೂ ಒಂದು ಸೂಕ್ಷ್ಮಶರೀರವೆಂದೂ, ತಂದೆತಾಯಿಗಳಿಂದಲೇ ಮಕ್ಕಳಿಗೆ ಇಳಿದುಬರುವುದೆಂದೂ ವಾದಿಸಿದನು. ಅಲೆಕ್ಸಾಂಡ್ರಿಯದ ಒರಿಗೆನನು, ದೇಹಕ್ಕಿಂತ ಮೊದಲೇ ಜೀವಗಳಿದ್ದುವೆಂದನು. ನಮ್ಮವರಿಗೆ ಈತನ ಮಾತು ಹಿಡಿಸೀತು. ಕ್ರೈಸ್ತಸಭೆಯಾದರೋ 6ನೆಯ ಶತಮಾನದಲ್ಲಿ ಅದನ್ನು ತಿರಸ್ಕರಿಸಿತು.

ಇದೆಲ್ಲವೂ ಬರಿಯ ಪಂಡಿತರ ಜಗಳವಲ್ಲವೆಂಬುದಕ್ಕೆ 4ನೆಯ ಶತಮಾನದ ನಿಸ್ಸದ ಗ್ರೆಗೊರಿಯ ಸಂವಾದಗ್ರಂಥವನ್ನು ನೋಡಬೇಕು. ಅಣ್ಣನಾದ ಬಾಸಿಲನು ತೀರಿಕೊಂಡಿದ್ದಾನೆ. ಆ ದುಃಖವನ್ನು ಹೇಳಿಕೊಳ್ಳಲು ಗ್ರೆಗೊರಿಯು ಅಕ್ಕ ಮಕ್ರಿನಳ ಬಳಿಗೆ ಬಂದರೆ ಅವಳೂ ಮರಣಶಯ್ಯೆಯಲ್ಲಿದ್ದಾಳೆ. ಸತ್ತವರು ಏನಾಗುತ್ತಾರೆಂದು ತಮ್ಮನು ನಾಸ್ತಿಕನ ಪಕ್ಷವನ್ನೇ ಹಿಡಿದು ಕೇಳುತ್ತಾನೆ. ಅಕ್ಕನು ಗುರುವಿನಂತೆ ಉತ್ತರಿಸುತ್ತಾಳೆ. ದೇಹವು ಕರಗಿ ಭೂತಗಳಲ್ಲಿ ಬೆರೆತರೂ, ಜೀವವು ತನ್ನವಾದ ಕಣಗಳ ಗುರುತನ್ನು ಮರೆಯದು. ಮಡಕೆಗಳು ಹಲವು ಒಡೆದು ಬೋಕಿಗಳೆಲ್ಲ ಕಲೆತು ಬಿದ್ದರೂ ಒಡೆಯನು ತನ್ನ ಮಡಕೆಯ ಬೋಕಿಯನ್ನು ಗುರುತಿಸುವಂತೆ. ದೇಹವನ್ನು ಹಳೆಯ ಬಟ್ಟೆಯಂತೆ ಕಳಚಿಹಾಕುವ ಭಾವನೆ ಇಲ್ಲಿ ಇಲ್ಲ. ಜೀವವು ತನ್ನ ಒಡಲಿಗಾಗಿ ಕಾದಿರುತ್ತದೆ; ಅದನ್ನು ಎಬ್ಬಿಸಿಕೊಡುವುದು ಈಶ್ವರನ ಕೆಲಸ.

ಇಷ್ಟಾದರೂ ಗ್ರೆಗೊರಿಯು ಬಿಡಲಿಲ್ಲ. ಎದ್ದುಬರುವ ದೇಹ ಯಾವುದು, ಕೂಸಾಗಿದ್ದಾಗಿನದೋ, ಮುಪ್ಪಿನದೋ, ಬೇನೆಯಿಂದ ಸೊರಗಿದ್ದೋ ಎಂದು ಸಾಯುತ್ತಿದ್ದ ಅಕ್ಕನನ್ನೇ ಮತ್ತೆ ಕೇಳಿದನು.